ನೋಡಿದ್ದಕ್ಕೆ ಸಹಿ

“ಮೇಡಂ, ನೀವು ದಿನಾ ಯಾರ ಜೊತೆ ಫೋನಲ್ಲಿ ಮಾತಾಡ್ತೀರೋ ಅದು ನಂಗೆ ಬೇಡ. ಆದ್ರೆ ಕೂತ್ಕೊಂಡು ಮಾತಾಡಿ. ಸುಮ್ಮಾ ಸುಮ್ಮಾ ನಡೀಬೇಡಿ. ನಂದು ನೈಟ್ ಶಿಫ್ಟ್. ಕೆಳಗೆ ನಂಗೆ ತೂಕ್ಕವೇ ಇಲ್ಲೆ, ನಿದ್ದೇನೇ ಇಲ್ಲ.”

ಬಾಗಿಲಲ್ಲಿ ನಿಂತವನ ಕಣ್ಣು ಕೆಂಪಾಗಿತ್ತು. ತಲೆಗೂದಲು ಒಂದು ಕಡೆ ಒತ್ತಿಕೊಂಡು ಇನ್ನೊಂದು ಕಡೆ ಎದ್ದು ನಿಂತಿತ್ತು. ಬೆಳಗಿನ ಹತ್ತು ಗಂಟೆಗೇ ಚೆನ್ನೈ ಅಂಬತ್ತೂರಿನ ಬಿಸಿಲು ಅವನ ಹಿಂದಿನ ತಾರಸಿಯನ್ನು ಕಾಯಿಸಿಬಿಟ್ಟಿತ್ತು. ವಿನೋದಾ ಮಾಸ್ಕನ್ನು ಮೂಗಿನ ಮೇಲೆ ಏರಿಸಿಕೊಂಡಳು. ಮನೆಯೊಡತಿ ಜಯಲಕ್ಷ್ಮೀ ಮಾಮಿಗೆ ಸುಘೋಷ ಅಂತ ಒಬ್ಬ ಮಗನಿದ್ದಾನೆ, ಇಂಡಸ್ಟ್ರಿಯಲ್ ಎಸ್ಟೇಟಿನ ಪಂಪ್ ಫ್ಯಾಕ್ಟರಿಯಲ್ಲಿ ಕೆಲಸ ಎಂದು ಕೇಳಿದ್ದಳು. ನೋಡಿದ್ದು ಇದೇ ಮೊದಲು.

“ಫೋನಲ್ಲಿ ಯಾರೂ ಇಲ್ಲ,” ಎಂದಳು.

“ಹಾಗಾದ್ರೆ ಯಾಕೆ ನಡೀತೀರಿ?”

“ನಡೀದಿದ್ರೆ ರಕ್ತ ಹೆಪ್ಪುಗಟ್ಟುತ್ತೆ. ಇಲ್ಲಿ, ಬಲಗಡೆ, ಹೊಸದಾಗಿ ಪ್ಯಾಂಕ್ರಿಯಾಸ್ ಇಟ್ಟಿದ್ದಾರೆ. ಎಡಗಡೆ ಕಿಡ್ನಿ. ಹೆಪ್ಪುಗಟ್ಟಿದ್ರೆ ಪ್ಯಾಂಕ್ರಿಯಾಸ್ ಹೋಗುತ್ತೆ. ಗಂಟೆಗೆ ಹತ್ತು ನಿಮಿಷ ನಡೀಲೇಬೇಕು ಅಂದಿದ್ದಾರೆ.”

ಹೇಳಿ ಮುಗಿಸಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಇಪ್ಪತ್ತಮೂರು ವರ್ಷದಲ್ಲಿ ತನ್ನ ಕಾಯಿಲೆಯ ವಿಷಯವನ್ನು ಅವಳು ಯಾರಿಗೂ ಒಂದೇ ಉಸಿರಿನಲ್ಲಿ ಹೇಳಿದವಳಲ್ಲ.

ಅವನ ಮುಖ ಬದಲಾಯಿತು. ಸಿಟ್ಟು ಇಳಿದು ಇನ್ನೇನೋ ಬಂದು ಕೂತಿತು. ಅದನ್ನು ನೋಡಲು ಅವಳಿಗೆ ಇಷ್ಟವಾಗಲಿಲ್ಲ. ಅವನು ತಿರುಗಿ ಮೆಟ್ಟಿಲಿಳಿದು ಹೋದ. ಹೆದರಿ ಓಡಿದವರ ಲೆಕ್ಕಕ್ಕೆ ಇನ್ನೊಬ್ಬ ಸೇರಿದ ಎಂದುಕೊಂಡು ವಿನೋದಾ ಬಾಗಿಲು ಹಾಕಿಕೊಂಡಳು.

ಮಾರನೆಯ ದಿನ ಅದೇ ಹತ್ತು ಗಂಟೆಗೆ ಮತ್ತೆ ಬಾಗಿಲು ಬಡಿದ ಸದ್ದಾಯಿತು.

“ನೆನ್ನೆ ಹನ್ನೊಂದಕ್ಕೆ ನೀವು ನಡೀಲಿಲ್ಲ. ಹನ್ನೆರಡಕ್ಕೆ ಬರೀ ನಾಲ್ಕು ನಿಮಿಷ. ಅದೂ ಬೆಕ್ಕಿನ ಥರ. ಯಾಕೆ?”

“ನಿಮಗೆ ನಿದ್ದೆ...”

“ನನ್ನ ನಿದ್ದೆ ಬಿಡಿ ಮೇಡಂ. ನೀವು ನಡೀರಿ. ಸದ್ದು ಬರೋ ಹಾಗೆ ನಡೀರಿ.”

ಮಾಸ್ಕಿನ ಒಳಗೆ ಅವಳಿಗೆ ನಗು ಬಂತು. ಅದು ಅವನಿಗೆ ಕಾಣಿಸಲಿಲ್ಲ ಎಂದುಕೊಂಡಳು. ಕಣ್ಣು ಮಾಸ್ಕಿನ ಹೊರಗಿತ್ತು ಎಂಬುದು ನೆನಪಾದದ್ದು ಅವನು ಹೋದ ಮೇಲೆ.

ವಿನೋದಾ ಕೊಳ್ಳೇಗಾಲದವಳು. ಚೆನ್ನೈಗೆ ಬಂದು ಆರು ವರ್ಷವಾಗಿತ್ತು. ಪೆರುಂಗುಡಿಯ ಒಂದು ಕಂಪನಿಯಲ್ಲಿ ಕಂಪ್ಯೂಟರಿನ ಮೇಲೆ ಊರೂರಿನ ನಕ್ಷೆ ಬಿಡಿಸುವುದು ಅವಳ ಕೆಲಸ. ಹತ್ತನೇ ವಯಸ್ಸಿಗೆ ಬಂದ ಸಕ್ಕರೆ ಕಾಯಿಲೆ ಮೂವತ್ತೆರಡಕ್ಕೆ ಕಿಡ್ನಿಯನ್ನೂ ತಿಂದು ಹಾಕಿತ್ತು. ಒಂದು ವರ್ಷ ಡಯಾಲಿಸಿಸ್ ಆಯಿತು. ಕೊನೆಗೆ ಒಂದು ಮುಂಜಾನೆ ಆಸ್ಪತ್ರೆಯಿಂದ ಫೋನ್ ಬಂದು, ಹೆಸರೂ ಗೊತ್ತಿಲ್ಲದ ಯಾರದೋ ಮನೆಯವರು ಅಳುತ್ತಾ ಕೊಟ್ಟ ಎರಡು ಅಂಗಗಳು ಅವಳ ಹೊಟ್ಟೆ ಸೇರಿದವು. ಮೂರು ತಿಂಗಳು ಆಸ್ಪತ್ರೆಗೆ ಹತ್ತಿರವಿರಬೇಕು ಎಂದದ್ದಕ್ಕೆ ಈ ಮಹಡಿ ಮನೆ ಹಿಡಿದಿದ್ದಳು.

ಡಾಕ್ಟರ್ ಸಾಯಿ ಬಿಡುಗಡೆಯ ದಿನ ಬಿಡಿಸಿ ಹೇಳಿದ್ದರು. “ಕಿಡ್ನಿಗೆ ರಕ್ತ ಹೊಳೆ ಥರ ನುಗ್ಗುತ್ತೆ. ಪ್ಯಾಂಕ್ರಿಯಾಸ್‌ಗೆ ಹಾಗಲ್ಲ, ಗದ್ದೆ ಕಾಲುವೆ ಥರ ನಿಧಾನ. ನಿಧಾನವಾದಲ್ಲಿ ಗಂಟು ಕಟ್ಟೋದು ಬೇಗ. ಅದಕ್ಕೇ ಆಸ್ಪಿರಿನ್, ಅದಕ್ಕೇ ಹೊಟ್ಟೆಗೆ ಇಂಜೆಕ್ಷನ್, ಕಾಲಿಗೆ ಬಿಗಿ ಸಾಕ್ಸು, ನೀರು, ನಡಿಗೆ. ಗಂಟು ಕಟ್ಟಿದ್ರೆ ಮೊದಲು ನೋವಾಗಲ್ಲ, ಶುಗರ್ ಏರುತ್ತೆ. ನೂರೈವತ್ತು ದಾಟಿದ್ರೆ ಯೋಚನೆ ಮಾಡ್ತಾ ಕೂರಬೇಡಿ. ಅದೇ ಗಳಿಗೇಲಿ ಫೋನ್ ಮಾಡಿ.”

ಅವ್ವ ಪುಟ್ಟತಾಯಮ್ಮ ಜೊತೆಗಿದ್ದಳು. ಆಮೇಲೆ ಊರಲ್ಲಿ ಅಣ್ಣ ಮಹದೇವನ ಹೆಂಡತಿಗೆ ದಿನ ತುಂಬಿತು. “ನೀನು ಹೋಗವ್ವ, ನಾನು ನೋಡ್ಕೊತೀನಿ,” ಎಂದು ವಿನೋದಾಳೇ ಬಸ್ಸು ಹತ್ತಿಸಿದಳು. ಆಸ್ಪತ್ರೆಯವರು ಕೇಳಿದರೆ ಅಮ್ಮ ಇಲ್ಲೇ ಇದ್ದಾರೆ ಎನ್ನುತ್ತಿದ್ದಳು. ಸುಳ್ಳು ಹೇಳುವುದು ಅವಳಿಗೆ ಕಷ್ಟವಿರಲಿಲ್ಲ. ಚಿಕ್ಕಂದಿನಿಂದ ಅದೊಂದು ಕೈಕಸುಬು. ಡಾಕ್ಟರಿಗೆ ತೋರಿಸುವ ಡೈರಿಯಲ್ಲಿ ಮುನ್ನೂರು ಇದ್ದಲ್ಲಿ ನೂರ ನಲವತ್ತು ಎಂದು ಬರೆದು ಬೈಗುಳ ತಪ್ಪಿಸಿಕೊಂಡವಳು ಅವಳು. ಹೆಣ್ಣು ನೋಡಲು ಯಾರಾದರೂ ಬಂದರೆ ಅವ್ವ ಇನ್ಸುಲಿನ್ ಬಾಟಲಿಯನ್ನು ಫ್ರಿಜ್ಜಿನಲ್ಲಿ ಬೆಣ್ಣೆ ಡಬ್ಬಿಯೊಳಗೆ ಅಡಗಿಸುತ್ತಿದ್ದಳು. “ಯಾರ್ಗೂ ಯೋಳ್ಬ್ಯಾಡ ಕನ ಮಗ,” ಎನ್ನುತ್ತಿದ್ದಳು. ಹೇಳದೇ ಇದ್ದೂ ಇದ್ದೂ, ಹೇಳಿಕೊಳ್ಳಲು ಯಾರೂ ಇಲ್ಲದ ಹಾಗಾಯಿತು.

ಈಗಿನ ಫ್ರಿಜ್ಜಿನಲ್ಲೂ ಒಂದು ಬೆಣ್ಣೆ ಡಬ್ಬಿಯಿತ್ತು. ಅದರಲ್ಲಿ ಹಳೆಯ ಇನ್ಸುಲಿನ್ ಪೆನ್ನು. ಆಪರೇಷನ್ ಆದ ಮೇಲೆ ಅದರ ಅಗತ್ಯವಿರಲಿಲ್ಲ, ಆದರೂ ಬಿಸಾಡಲು ಕೈ ಬಂದಿರಲಿಲ್ಲ.

ಸುಘೋಷ ಸಂಜೆ ಐದೂವರೆಗೆ ತಾರಸಿಗೆ ಬರಲು ಶುರುಮಾಡಿದ. ಮೊದಲ ದಿನ ನೀರಿನ ಟ್ಯಾಂಕ್ ನೋಡುವ ನೆಪ, ಎರಡನೇ ದಿನ ಒಣಗಿದ ಬಟ್ಟೆಯ ನೆಪ. ಮೂರನೇ ದಿನಕ್ಕೆ ನೆಪಗಳೆಲ್ಲ ತೀರಿಹೋಗಿದ್ದವು.

“ಅಮ್ಮ ಕಳಿಸಿದ್ರು,” ಎಂದ. “ಪಾವಂ, ಆ ಹುಡುಗಿ ಒಬ್ಬಳೇ ನಡೀತಾಳೆ, ಹೋಗಿ ನೀನೂ ನಡಿ, ನಿಂಗೂ ಹೊಟ್ಟೆ ಬಂದಿದೆ ಅಂದ್ರು.”

“ಹೊಟ್ಟೆ ವಿಷಯ ಮಾಮಿ ಹೇಳಿದ್ದು ನಿಜ,” ಎಂದಳು ವಿನೋದಾ.

ಅವನು ಬಗ್ಗಿ ತನ್ನ ಹೊಟ್ಟೆ ನೋಡಿಕೊಂಡ. ಆಮೇಲೆ ನೋಡಿಕೊಂಡದ್ದಕ್ಕೆ ನಾಚಿದ.

ಸೋಂಕು ತಗಲಬಾರದೆಂದು ಇಬ್ಬರ ನಡುವೆ ಎರಡು ಮಾರು ದೂರ. ಟ್ಯಾಂಕಿನಿಂದ ಬಟ್ಟೆ ಹಗ್ಗದವರೆಗೆ, ಅಲ್ಲಿಂದ ಮತ್ತೆ ಟ್ಯಾಂಕಿಗೆ. ಅವನ ಕುಟುಂಬ ಮದ್ರಾಸಿಗೆ ಬಂದು ನಾಲ್ಕು ತಲೆಮಾರು ಆಗಿತ್ತು. ಮಾತಾಡುವುದು ಕನ್ನಡ, ಓದಿದ್ದು ತಮಿಳು. ಕನ್ನಡದ ಒಂದಕ್ಷರವೂ ಬರೆಯಲು ಬಾರದು. ಅವನ ಮಾತಿನ ನಡುನಡುವೆ ಆಮೇಲೆ ಎನ್ನಲು ‘ಅಪ್ಪರಂ’, ಹೌದು ಎನ್ನಲು ‘ಆಮಾ’ ನುಸುಳುತ್ತಿದ್ದವು. ಅವಳು ಮರೆತು “ವಸಿ ನಿಂತ್ಕಳಿ” ಎಂದರೆ ಅವನು ನಿಂತು, “ವಸಿ ಅಂದ್ರೆ ಎಷ್ಟು ನಿಮಿಷ?” ಎಂದು ಕೇಳುತ್ತಿದ್ದ.

“ನಿಮ್ಮ ಮುಖ ನಾನು ಇನ್ನೂ ಪೂರ್ತಿ ನೋಡೇ ಇಲ್ಲ,” ಎಂದ ಒಂದು ಸಂಜೆ.

“ನೋಡೋದೇನಿಲ್ಲ. ಸ್ಟೀರಾಯ್ಡ್ ತಗೊಂಡು ಪೂರಿ ಥರ ಉಬ್ಬಿದೆ.”

“ನಂಗೆ ಪೂರಿ ಇಷ್ಟ.”

ಅವಳು ನಡಿಗೆಯ ವೇಗ ಹೆಚ್ಚಿಸಿದಳು. ಆದರೆ ಹಗ್ಗದ ಹತ್ತಿರ ತಿರುಗುವಾಗ ಒಂದು ಸಲ ಅವನತ್ತ ಹೊರಳಿದ ಕಣ್ಣು, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಅಲ್ಲೇ ಉಳಿಯಿತು. ಅವನು ಎಡವಿದ. ಸಪಾಟಾದ ತಾರಸಿಯಲ್ಲಿ ಎಡವಲು ಏನೂ ಇರಲಿಲ್ಲ.

ಎರಡನೇ ವಾರ ಅವನು ತನ್ನ ತಂದೆಯ ವಿಷಯ ಹೇಳಿದ. ಕೇಳದೆಯೇ ಹೇಳಿದ, ಗೋಡೆಯಾಚೆ ನೋಡುತ್ತಾ.

“ಅಪ್ಪ ಬಾತ್‌ರೂಮಲ್ಲಿ ಜಾರಿ ಕಾಲು ಮುರ್ಕೊಂಡ್ರು. ಪ್ಲೇಟ್ ಹಾಕಿದ್ರು. ಎಬ್ಬಿಸಿ ನಡೆಸಿ, ನಡೆಸಿ ಅಂತ ಡಾಕ್ಟರು ದಿನಾ ಹೇಳೋವ್ರು. ಅಪ್ಪ ನೋವು ತಾಳಲಾರದೆ ಅತ್ತುಬಿಟ್ರು. ನಂಗೆ ನೋಡಕ್ಕಾಗ್ಲಿಲ್ಲ. ಮಲಗಿ ಅಪ್ಪಾ, ಯಾರೂ ನಿಮ್ಮನ್ನ ಎಬ್ಬಿಸಲ್ಲ ಅಂತ ನಾನೇ ಕಾವಲು ಕೂತೆ. ಹನ್ನೊಂದನೇ ದಿನ ಕಾಲಲ್ಲಿ ಕಟ್ಟಿದ್ದ ರಕ್ತದ ಗಂಟು ಶ್ವಾಸಕೋಶಕ್ಕೆ ಹೋಯ್ತು. ಕಾಫಿ ಕುಡೀತಾ ಇದ್ರು. ಲೋಟ ಕೆಳಗೆ ಬೀಳೋ ಮುಂಚೆನೇ ಮುಗಿದೋಗಿತ್ತು.”

ವಿನೋದಾ ನಿಂತುಬಿಟ್ಟಳು.

“ನಿಲ್ಲಬೇಡಿ,” ಎಂದ. “ನಡೀರಿ. ಮೊದಲ ದಿನ ನಿಮ್ಮನ್ನೂ ನಡೀಬೇಡಿ ಅಂತ ಹೇಳೋಕ್ಕೆ ಬಂದಿದ್ದೆನಲ್ಲ, ಅದನ್ನ ಇನ್ನೂ ಮರೆಯೋಕ್ಕಾಗಿಲ್ಲ. ಈಗ ಹೇಗಾಗಿದೆ ಗೊತ್ತಾ? ಮೇಲೆ ನಿಮ್ಮ ಹೆಜ್ಜೆ ಸದ್ದು ಕೇಳಿದ್ರೇನೇ ತೂಕ್ಕ ಬರೋದು.”

ತನ್ನ ಹೆಜ್ಜೆಗೆ ಕಿವಿಗೊಟ್ಟು ಒಬ್ಬ ಮಲಗಿರುತ್ತಾನೆ ಎಂಬುದು ಅವಳ ಎದೆಯಲ್ಲಿ ಎಲ್ಲೋ ಬಿಸಿಯಾಗಿ ಕೂತಿತು. ಅಂದಿನಿಂದ ಅವಳು ಹಗಲಿನ ನಡಿಗೆಗೂ ತಲೆ ಬಾಚಿಕೊಳ್ಳುತ್ತಿದ್ದಳು, ಯಾರೂ ನೋಡದಿದ್ದರೂ.

ಚಾಕ್‌ಪೀಸಿನ ಪದ್ಧತಿ ಅವನದೇ. ಫ್ಯಾಕ್ಟರಿಯಲ್ಲಿ ಅವನದು ಟೆಸ್ಟಿಂಗ್ ಬೆಂಚು. ಹೊಸ ಪಂಪಿನಲ್ಲಿ ನೀರು ಓಡಿಸಿ, ಗೇಜಿನಲ್ಲಿ ಒತ್ತಡ ನೋಡಿ, ಪಂಪಿನ ಮೈಮೇಲೆ ಸೀಮೆಸುಣ್ಣದಲ್ಲಿ ಅಂಕಿ ಬರೆದು ಕೆಳಗೆ ಸಹಿ ಹಾಕಬೇಕು.

“ನಿಮ್ಮ ಗೇಜು ಯಾವುದು?” ಎಂದು ಕೇಳಿದ್ದ.

“ಶುಗರ್.”

“ಇವತ್ತು ಎಷ್ಟು?”

“ನೂರ ಎಂಟು.”

ಅವನು ಜೇಬಿನಿಂದ ಚಾಕ್‌ಪೀಸ್ ತೆಗೆದು ತಾರಸಿಯ ಮೋಟುಗೋಡೆಯ ಮೇಲೆ ತಾರೀಖು, 108 ಎಂದು ಬರೆದು, ಕೆಳಗೆ ತಮಿಳಿನಲ್ಲಿ ‘ಸು’ ಎಂದು ಗೀಚಿದ. “ನಮ್ಮಲ್ಲಿ ರೂಲ್ ಏನು ಅಂದ್ರೆ, ಕಣ್ಣಾರೆ ನೋಡಿದವನೇ ಸಹಿ ಹಾಕ್ಬೇಕು. ಇಲ್ಲಿ ನಾನು ನೋಡಿಲ್ಲ, ನೀವು ಹೇಳಿದ್ದಕ್ಕೆ ಹಾಕ್ತಿದ್ದೀನಿ. ಸೂಪರ್‌ವೈಸರ್ ಗುಂಡಣ್ಣ ನೋಡಿದ್ರೆ ಮೆಮೋ ಗ್ಯಾರಂಟಿ.”

ಅವಳು ಬೆರಳು ಚುಚ್ಚಿಕೊಳ್ಳುವುದು ಯಾವಾಗಲೂ ಒಳಗೆ, ಬಾಗಿಲು ಹಾಕಿಕೊಂಡು. ಅಂಕಿ ಮಾತ್ರ ಹೊರಗೆ ಬರುತ್ತಿತ್ತು. ಆದರೆ ಆ ಅಂಕಿಗಳೆಲ್ಲ ನಿಜವಾದವು. 108, 97, 112, 101. ಗೋಡೆಯ ಮೇಲೆ ಸಾಲು ಬೆಳೆಯಿತು. ಬದುಕಿನಲ್ಲಿ ಇಷ್ಟು ದಿನ ಸಾಲಾಗಿ ಅವಳು ನಿಜ ಹೇಳಿದ್ದು ಇದೇ ಮೊದಲು.

ಆಮೇಲೆ ಅವನನ್ನು ಕಂಪನಿ ಆರು ದಿನದ ಟ್ರೈನಿಂಗಿಗೆ ಕೊಯಮತ್ತೂರಿಗೆ ಕಳಿಸಿತು.

“ದಿನಾ ನಂಬರ್ ಕಳಿಸಿ,” ಎಂದ ಹೊರಡುವಾಗ. “ಅಪ್ಪರಂ, ನಡೀರಿ. ಕೇಳೋಕ್ಕೆ ಕೆಳಗೆ ನಾನಿಲ್ಲ ಅಂತ ಮೋಸ ಮಾಡಬೇಡಿ.”

“ಆರೇ ದಿನ ತಾನೇ. ನಾನೇನು ಚಿಕ್ಕ ಮಗೂನಾ? ಆರಾಮಾಗಿರ್ತೀನಿ.”

ಆರಾಮಾಗಿರಲಿಲ್ಲ. ಮೊದಲ ಸಂಜೆ ತಾರಸಿಗೆ ಬಂದಳು. ತಾರಸಿ ತೀರಾ ದೊಡ್ಡದಾಗಿ ಕಂಡಿತು. ನಾಲ್ಕು ಸುತ್ತು ಹಾಕಿ ಒಳಗೆ ಬಂದಳು. ಇಷ್ಟು ವರ್ಷ ಒಬ್ಬಳೇ ಇದ್ದು ಅಭ್ಯಾಸವಿದೆ ಎಂದುಕೊಂಡಿದ್ದಳು. ಅಭ್ಯಾಸ ತಪ್ಪಿಹೋಗಿದೆ ಎಂಬುದು ಈಗ ತಿಳಿಯಿತು. ಮನಸ್ಸನ್ನು ಬೇರೆ ಕಡೆ ಹಾಕಲು ರಜೆಯಲ್ಲಿದ್ದರೂ ಆಫೀಸಿನ ಕೆಲಸ ತರಿಸಿಕೊಂಡಳು. ಲ್ಯಾಪ್‌ಟಾಪಿನ ಮುಂದೆ ಕೂತರೆ ನಾಲ್ಕು ಗಂಟೆ, ಐದು ಗಂಟೆ ಏಳುತ್ತಿರಲಿಲ್ಲ. ಸೆಖೆಗೆ ಬಿಗಿ ಸಾಕ್ಸು ಕಳಚಿಟ್ಟಳು. ಬೆಳಗ್ಗೆ ತುಂಬಿಸಿದ ನೀರಿನ ಬಾಟಲಿ ಸಂಜೆಗೂ ಅರ್ಧ ಇರುತ್ತಿತ್ತು. ಮಾಡುತ್ತಿರುವುದು ತಪ್ಪು ಎಂದು ಅವಳಿಗೆ ಗೊತ್ತಿತ್ತು. ಹೆಜ್ಜೆ ಇಟ್ಟರೆ ಕೇಳುವವರಿಲ್ಲ ಎಂಬುದೂ ಗೊತ್ತಿತ್ತು. ದಿನಕ್ಕೊಂದು ಅಂಕಿ ಕಳಿಸುತ್ತಿದ್ದಳು. ಅವನು ಹೆಬ್ಬೆರಳಿನ ಚಿತ್ರ ಕಳಿಸುತ್ತಿದ್ದ. ನೀವಿಲ್ಲದೆ ಬೇಜಾರು ಎಂದು ಎರಡು ಸಲ ಟೈಪ್ ಮಾಡಿ ಎರಡು ಸಲವೂ ಅಳಿಸಿದಳು.

ಅವನು ವಾಪಸು ಬರುವ ದಿನ ಸಂಜೆ ಐದಕ್ಕೆ ಬೆರಳು ಚುಚ್ಚಿದಳು. ಮಿಷನ್ ಐದರಿಂದ ಒಂದಕ್ಕೆ ಎಣಿಸಿ ನಿಂತಿತು.

212.

ಇನ್ನೊಂದು ಬೆರಳು ಚುಚ್ಚಿದಳು. 215.

ಹೊರಗೆ ಮೆಟ್ಟಿಲ ಮೇಲೆ ಅವನ ಹೆಜ್ಜೆ ಕೇಳಿಸಿತು. ಒಂದೊಂದು ಬಿಟ್ಟು ಎರಡೆರಡು ಮೆಟ್ಟಿಲು ಹತ್ತುತ್ತಿದ್ದ. ಆಸ್ಪತ್ರೆಗೆ ಫೋನ್ ಮಾಡಬೇಕು ಎಂದು ತಲೆ ಹೇಳಿತು. ಕೈ ಫ್ರಿಜ್ಜಿನ ಬಾಗಿಲು ತೆಗೆಯಿತು. ಇಪ್ಪತ್ತಮೂರು ವರ್ಷ ಅದು ಮಾಡಿದ್ದು ಅದನ್ನೇ: ಅಂಕಿ ಏರಿದರೆ ಯಾರಿಗೂ ಹೇಳದೆ ಚುಚ್ಚು, ಇಳಿಸು, ಮುಖ ತೊಳೆದುಕೊಂಡು ಹೊರಗೆ ಬಾ. ಬೆಣ್ಣೆ ಡಬ್ಬಿ, ಪೆನ್ನು, ನಾಲ್ಕು ಯೂನಿಟ್. ಅರ್ಧ ನಿಮಿಷದಲ್ಲಿ ಮುಗಿದುಹೋಯಿತು.

“ನೋಡಿ ಏನು ತಂದಿದ್ದೀನಿ,” ಎಂದ ಸುಘೋಷ. ಕೈಯಲ್ಲಿ ಬಣ್ಣದ ಚಾಕ್‌ಪೀಸಿನ ಡಬ್ಬಿ. ಬಿಸಿಲಿಗೆ ಕಪ್ಪಾಗಿದ್ದ. ಕಣ್ಣಿನಲ್ಲಿ ಆರು ದಿನ ತಡೆದಿಟ್ಟಿದ್ದ ಏನೋ ಇತ್ತು. ಅವಳು ಅದನ್ನೇ ನೋಡಲು ಆರು ದಿನ ಕಾದಿದ್ದಳು. “ಇವತ್ತು ಎಷ್ಟು?”

ನಿಜ ಹೇಳಿದರೆ ಮೊದಲ ದಿನ ಬಂದಿತ್ತಲ್ಲ, ಆ ಮುಖ ಮತ್ತೆ ಬರುತ್ತದೆ. ಅದನ್ನು ನೋಡಲು ಅವಳಿಗೆ ಧೈರ್ಯ ಸಾಲಲಿಲ್ಲ.

“ನೂರ ಹದಿನೆಂಟು.”

ಅವನು ಹಳದಿ ಬಣ್ಣ ಆರಿಸಿ ಬರೆದ. 118. ಕೆಳಗೆ ತನ್ನ ‘ಸು’. ಸ್ವಲ್ಪ ಹಿಂದೆ ಸರಿದು, ಚೆನ್ನಾಗಿದೆಯಾ ಎಂಬಂತೆ ಅವಳತ್ತ ನೋಡಿದ. ಅವಳು ತಲೆಯಾಡಿಸಿದಳು.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಗಿನ ಐದೂವರೆಗೆ ಹೊಟ್ಟೆಯ ಬಲಭಾಗದಲ್ಲಿ ಮಂದವಾದ ನೋವು. ಮಿಷನ್ ತೋರಿಸಿದ್ದು 236. ಕೈ ಮತ್ತೆ ಫ್ರಿಜ್ಜಿನ ಕಡೆ ಹೋಯಿತು. ಡಬ್ಬಿ ತೆಗೆದುಕೊಂಡು, ಗಾಳಿ ಬರಲೆಂದು ಬಾಗಿಲು ತೆರೆದಳು. ಆಗಷ್ಟೇ ಬೆಳಕು ಹರಿಯುತ್ತಿತ್ತು. ಎದುರು ಗೋಡೆಯ ಮೇಲೆ ಹಳದಿ 118, ಅದರ ಕೆಳಗೆ ಅವನ ಸಹಿ.

ಅವಳ ಸುಳ್ಳುಗಳು ಈವರೆಗೆ ಅವಳೊಬ್ಬಳ ಹೆಸರಿನಲ್ಲೇ ಇದ್ದವು. ಇದರ ಕೆಳಗೆ ಇನ್ನೊಬ್ಬರು ರುಜು ಹಾಕಿದ್ದರು. ಒಬ್ಬರನ್ನು ಮಲಗಿಸಿ ಕಳೆದುಕೊಂಡವನು, ತನ್ನ ಕಣ್ಣಲ್ಲಿ ನೋಡದೆ, ಅವಳ ಮಾತನ್ನು ನಂಬಿ ಹಾಕಿದ ರುಜು ಅದು. ನಾಳೆ ತನಗೇನಾದರೂ ಆದರೆ ಆ ಎರಡನೇ ಭಾರವನ್ನೂ ಅವನು ಹೊರಬೇಕಾಗುತ್ತದೆ ಎಂಬುದು ಅವಳಿಗೆ ಹೊಳೆಯಿತು. ಹೊಟ್ಟೆಯ ನೋವಿಗಿಂತ ಅದು ಹೆಚ್ಚು ನೋಯಿಸಿತು.

ಡಬ್ಬಿಯನ್ನು ನೆಲದ ಮೇಲಿಟ್ಟಳು. ಒಲೆ ಒರೆಸುವ ಬಟ್ಟೆ ಒದ್ದೆ ಮಾಡಿ ತಂದು 118ನ್ನು ಉಜ್ಜಿ ಅಳಿಸಿದಳು. ಬಿಳಿ ಚಾಕ್‌ಪೀಸಿನಲ್ಲಿ 236 ಎಂದು ಬರೆದಳು. ನಿಂತಲ್ಲಿಂದಲೇ ಆಸ್ಪತ್ರೆಗೆ ಫೋನ್ ಮಾಡಿದಳು. ಆಮೇಲೆ ಮೆಟ್ಟಿಲಿನ ಮೇಲೆ ನಿಂತು, ಬದುಕಿನಲ್ಲಿ ಮೊದಲ ಸಲ, ಒಬ್ಬರನ್ನು ಸಹಾಯಕ್ಕೆ ಕೂಗಿದಳು.

“ಸುಘೋಷಾ!”

ಆ ರಾತ್ರಿ ಅವನಿಗೆ ಶಿಫ್ಟ್ ಇರಲಿಲ್ಲ, ಮನೆಯಲ್ಲೇ ಇದ್ದ. ಬಂದು ಗೋಡೆ ನೋಡಿದ. ನೆಲದ ಮೇಲಿನ ಡಬ್ಬಿ ನೋಡಿದ.

“ನಿನ್ನೆ ಇನ್ನೂರ ಹನ್ನೆರಡು ಇತ್ತು,” ಎಂದಳು. “ಇನ್ಸುಲಿನ್ ಹಾಕ್ಕೊಂಡೆ. ನಿಮಗೆ ಸುಳ್ಳು ಹೇಳ್ಬುಟ್ಟೆ.”

ಆ ಮುಖ ಬಂದೇ ಬಂತು. ಆದರೆ ಅವನು ಓಡಿಹೋಗಲಿಲ್ಲ. “ಫೈಲ್ ಎಲ್ಲಿ?” ಎಂದ. “ಟ್ಯಾಕ್ಸಿ ಕರೀತೀನಿ. ನಿಧಾನ ಇಳೀರಿ.”

ಎಮರ್ಜೆನ್ಸಿಯಲ್ಲಿ ನರ್ಸು ಫಾರಂ ಹಿಡಿದು ತಮಿಳಿನಲ್ಲಿ, ನೀವು ಇವರಿಗೆ ಏನಾಗಬೇಕು ಎಂದು ಕೇಳಿದಳು. ಅವನು ಒಂದು ಕ್ಷಣ ತಡವರಿಸಿ, “ಕೆಳಗಿನ ಮನೆ,” ಎಂದ. ಸ್ಟ್ರೆಚರಿನ ಮೇಲೆ ಮಲಗಿದ್ದ ವಿನೋದಾ ಬೇರೆ ಕಡೆ ತಿರುಗಿಕೊಂಡಳು.

ಸ್ಕ್ಯಾನ್ ಮುಗಿಸಿ ಡಾಕ್ಟರ್ ಸಾಯಿ ಅವಳ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಪ್ಯಾಂಕ್ರಿಯಾಸ್‌ನಿಂದ ರಕ್ತ ವಾಪಸು ಹೋಗುವ ನಾಳದಲ್ಲಿ ಗಂಟು ಕಟ್ಟಿತ್ತು. ಅರ್ಧ ಮುಚ್ಚಿತ್ತು, ಪೂರ್ತಿ ಅಲ್ಲ. “ಶುಗರ್ ಏರೋದು ನಿಮಗೆ ಎಚ್ಚರಿಕೆ ಗಂಟೆ. ಇನ್ಸುಲಿನ್ ಹಾಕಿ ನೀವು ಆ ಗಂಟೆ ಬಾಯಿಗೆ ಬಟ್ಟೆ ತುರುಕಿದ್ರಿ,” ಎಂದರು. “ಇನ್ನೊಂದು ದಿನ ಹೀಗೇ ಮಾಡಿದ್ದಿದ್ರೆ ಉಳಿಸೋಕ್ಕೆ ಏನೂ ಇರ್ತಿರ್ಲಿಲ್ಲ.” ಅವಳ ಕಣ್ಣು ನೋಡಿ ದನಿ ತಗ್ಗಿಸಿದರು. “ಎಲ್ಲಾ ಸರಿಯಾಗಿ ಮಾಡಿದವರಿಗೂ ಗಂಟು ಕಟ್ಟುತ್ತಮ್ಮ. ಅದು ಅಪರಾಧ ಅಲ್ಲ. ಮುಚ್ಚಿಟ್ಟಿದ್ದು ತಪ್ಪು.”

ರಕ್ತ ತೆಳುವಾಗಿಸುವ ಹೆಪಾರಿನ್ ಡ್ರಿಪ್ ಹಾಕಿದರು. ಹೆಚ್ಚಾದರೆ ರಕ್ತಸ್ರಾವ, ಕಡಿಮೆಯಾದರೆ ಗಂಟು ಬೆಳೆಯುತ್ತದೆ. ಅದಕ್ಕೆ ಆರು ಗಂಟೆಗೊಮ್ಮೆ ರಕ್ತ ತೆಗೆದು ನೋಡಿ ಡ್ರಿಪ್ಪಿನ ವೇಗ ಸರಿಪಡಿಸುತ್ತಿದ್ದರು. ಅವಳ ಎರಡೂ ತೋಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದವು.

ಸುಘೋಷ ದಿನಾ ಬರುತ್ತಿದ್ದ. ಗಾಜಿನ ಆಚೆ ಹತ್ತು ನಿಮಿಷ. ಊರಿಂದ ಬಂದ ಅವ್ವನನ್ನು ಬಸ್‌ಸ್ಟ್ಯಾಂಡಿನಿಂದ ಕರೆತಂದವನು ಅವನೇ. ಕೈಯೆತ್ತುತ್ತಿದ್ದ, ತಲೆಯಾಡಿಸುತ್ತಿದ್ದ, ಹೋಗುತ್ತಿದ್ದ. ಆದರೆ ಒಂದು ದಿನವೂ ‘ಇವತ್ತು ಎಷ್ಟು’ ಎಂದು ಕೇಳಲಿಲ್ಲ. ಸುತ್ತ ಮಿಷನ್ನುಗಳು ಗಳಿಗೆಗೊಮ್ಮೆ ಅವಳ ಅಂಕಿ ಹೇಳುತ್ತಿದ್ದವು, ಕೇಳಬೇಕಾದವನು ಕೇಳುತ್ತಿರಲಿಲ್ಲ. ಇಷ್ಟು ಒಂಟಿತನವನ್ನು ಅವಳು ಒಬ್ಬಳೇ ಇದ್ದಾಗಲೂ ಕಂಡಿರಲಿಲ್ಲ.

ನಾಲ್ಕನೇ ದಿನ ಗಾಜಿನ ಈಚೆಯಿಂದ ಫೋನ್ ಮಾಡಿದಳು.

“ಕೋಪಾನಾ?”

“ಕೋಪ ಇಲ್ಲೆ,” ಎಂದ ಗಾಜಿನ ಆಚೆಯವನು. “ಭಯ. ಆ ನೂರ ಹದಿನೆಂಟರ ಕೆಳಗೆ ನನ್ನ ಸಹಿ ಇತ್ತು ವಿನೋದಾ. ಇನ್ನು ನೀವು ಏನು ಹೇಳಿದ್ರೂ ಹೇಗೆ ನಂಬ್ಲಿ ಅಂತ ಗೊತ್ತಾಗ್ತಿಲ್ಲೆ. ನಂಬಬೇಕು ಅಂತ ರೊಂಬ ಆಸೆ ಇದೆ.”

ಮೇಡಂ ಬಿಟ್ಟು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಹೀಗೆ ಕರೆಯಬಾರದಿತ್ತು, ಬೇರೆ ಯಾವಾಗಲಾದರೂ ಕರೆಯಬೇಕಿತ್ತು ಎನಿಸಿ ಅವಳು ಅತ್ತಳು.

ಒಂಬತ್ತನೇ ದಿನದ ಸ್ಕ್ಯಾನಿನಲ್ಲಿ ಗಂಟು ಕರಗಿ ನೂಲಿನಷ್ಟಾಗಿತ್ತು. ಕಾಲುವೆಯಲ್ಲಿ ನೀರು ಹರಿಯುತ್ತಿತ್ತು. ಇನ್ನು ಕೆಲವು ತಿಂಗಳು ರಕ್ತ ತೆಳುವಾಗಿಡುವ ಮಾತ್ರೆ, ವಾರಕ್ಕೊಮ್ಮೆ ಸ್ಕ್ಯಾನ್, ಮತ್ತೆ ನಡಿಗೆ. ಹನ್ನೆರಡನೇ ದಿನ ಅವಳು ಮನೆಗೆ ಬಂದಳು.

ಆ ಸಂಜೆ ಐದೂವರೆಗೆ ಅವ್ವ ಕೆಳಗೆ ಮಾಮಿಯ ಅಡುಗೆಮನೆಯಲ್ಲಿದ್ದಳು. ವಿನೋದಾ ತಾರಸಿಗೆ ಬಂದಳು. ಅವನು ಟ್ಯಾಂಕಿನ ಹತ್ತಿರ ನಿಂತಿದ್ದ, ಕೈಯಲ್ಲಿ ಚಾಕ್‌ಪೀಸ್ ಇರಲಿಲ್ಲ. ಗೋಡೆಯ ಸಾಲಿನ ಕೊನೆಯಲ್ಲಿ ಅವಳ ಕೈಬರಹದ 236 ಮಸುಕಾಗಿ ಉಳಿದಿತ್ತು, ಕೆಳಗೆ ಸಹಿಯಿಲ್ಲದೆ.

ಅವಳು ಕಟ್ಟೆಯ ಮೇಲೆ ಕೂತು ಮಿಷನ್ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

“ಬನ್ನಿ,” ಎಂದಳು. “ಹತ್ತಿರ ಬನ್ನಿ. ಕೈ ತೊಳ್ಕೊಂಡಿದ್ದೀರಾ?”

“ಆಮಾ. ಯಾಕೆ?”

“ನಾನು ಹೇಳಲ್ಲ. ನೀವೇ ನೋಡಿ.”

ಅವ್ವನೊಬ್ಬಳನ್ನು ಬಿಟ್ಟು ಯಾರೆದುರೂ ಅವಳು ಬೆರಳು ಚುಚ್ಚಿಕೊಂಡಿರಲಿಲ್ಲ. ಮದುವೆಗೆ ಒಪ್ಪಿದ್ದ ಮೋಹನ್ ಒಂದು ಸಲ ಅಕಸ್ಮಾತ್ತಾಗಿ ನೋಡಿ, ವಾರದಲ್ಲಿ ಸಂಬಂಧ ಮುರಿದಿದ್ದ. ಈಗ ಅವನೆದುರು ಬೆರಳು ಚಾಚಿದಳು. ಸೂಜಿ ಮೊದಲ ಸಲ ತಪ್ಪಿತು. ಎರಡನೇ ಸಲ ಬೆರಳ ತುದಿಯಲ್ಲಿ ಒಂದು ಕೆಂಪು ಹನಿ ಎದ್ದು ಕೂತಿತು. ಸುಘೋಷ ಅದನ್ನು ನೋಡಿದ. ಕಣ್ಣು ತಿರುಗಿಸಲಿಲ್ಲ, ಅಯ್ಯೋ ಪಾಪ ಎನ್ನಲೂ ಇಲ್ಲ. ಬೆಂಚಿನ ಮೇಲೆ ಗೇಜು ನೋಡುವವನ ಹಾಗೆ, ಉಸಿರು ಹಿಡಿದು, ಮಿಷನ್ನಿನತ್ತ ಬಗ್ಗಿದ. ಐದು, ನಾಲ್ಕು, ಮೂರು. ಇಬ್ಬರ ತಲೆಯೂ ಒಂದೇ ಪುಟ್ಟ ಪರದೆಯ ಮೇಲಿತ್ತು.

“ನೂರ ನಾಲ್ಕು,” ಎಂದು ಅವನೇ ಓದಿದ. 

“ನೋಡಿದ್ರಲ್ಲ. ಇನ್ನು ದಿನಾ ಹೀಗೇ. ಸಹಿ ಹಾಕಿ.”

ಅವನು ಕಿಟಕಿಯ ಮೇಲಿಟ್ಟಿದ್ದ ಬಣ್ಣದ ಚಾಕ್‌ಪೀಸಿನ ಡಬ್ಬಿ ತಂದ. 104 ಬರೆದ, ಸಹಿ ಹಾಕಿದ. ಆಮೇಲೆ ಎರಡು ಹೆಜ್ಜೆ ಹಿಂದೆ ಬಂದು, ಮಸುಕಾದ 236ರ ಕೆಳಗೂ ‘ಸು’ ಎಂದು ಬರೆದ.

“ಅದನ್ನ ನೀವು ನೋಡಿರ್ಲಿಲ್ಲ,” ಎಂದಳು.

“ನೀವು ಬರೆದಿಟ್ಟಿದ್ದು ನೋಡಿದೆ. ಸಾಕು.”

ವಿನೋದಾ ಮಿಷನ್ನನ್ನು ಪಕ್ಕಕ್ಕಿಟ್ಟಳು. “ಇನ್ನೊಂದು ರೀಡಿಂಗ್ ಇದೆ,” ಎಂದಳು. “ಇದಕ್ಕೆ ಮಿಷನ್ ಇಲ್ಲ. ಆರಾಮಾಗಿರ್ತೀನಿ ಅಂದಿದ್ದೆನಲ್ಲ, ಅದೂ ಸುಳ್ಳು. ನೀವು ಹೋದ ಆರು ದಿನ ನಂಗೆ ನಡಿಯೋಕ್ಕೇ ಮನಸ್ಸು ಬರ್ಲಿಲ್ಲ. ಚಿಕ್ಕಂದಿನಿಂದ ಎಲ್ಲರಿಗೂ ಹೇಳ್ಕೊಂಡು ಬಂದಿದ್ದೀನಿ, ಒಬ್ಬಳೇ ಚೆನ್ನಾಗಿದ್ದೀನಿ ಅಂತ. ಚೆನ್ನಾಗಿಲ್ಲ. ನೀವು ಅಂದ್ರೆ ನಂಗೆ ಪ್ರಾಣ. ಆದ್ರೆ ಈ ಹೊಟ್ಟೇಲಿರೋದು ಎಷ್ಟು ವರ್ಷ ಬರುತ್ತೋ ಯಾರೂ ಬರ್ಕೊಟ್ಟಿಲ್ಲ. ನೋಡ್ಕೊಂಡು ಸಹಿ ಹಾಕಿ.”

ಅವಳು ಮಾಸ್ಕ್ ಕಳಚಿದಳು. ಉಬ್ಬಿದ ಕೆನ್ನೆ, ಗದ್ದದ ಮೇಲೆ ಮೊಡವೆ, ಒಣಗಿದ ತುಟಿ. ಸಂಜೆ ಬಿಸಿಲು ಒಂದನ್ನೂ ಮುಚ್ಚಿಡಲಿಲ್ಲ.

ಅವನು ನೋಡಿದ. ನಿಧಾನವಾಗಿ, ಏನನ್ನೂ ಬಿಡದೆ ನೋಡಿದ. ಅವನ ಕಣ್ಣು ತುಂಬಿ ಬಂತು.

“ಪೂರಿನೇ,” ಎಂದ. “ರೊಂಬ ಚೆನ್ನಾಗಿರೋ ಪೂರಿ.”

ಅವಳು ನಗುತ್ತಾ ಅಳುತ್ತಾ ಅವನ ತೋಳಿಗೊಂದು ಏಟು ಕೊಟ್ಟಳು. ಅವನು ಆ ಕೈಯನ್ನು ಹಿಡಿದುಕೊಂಡ. ಚುಚ್ಚಿದ ಬೆರಳನ್ನು ಬಿಟ್ಟು ಉಳಿದ ನಾಲ್ಕನ್ನು ಹಿಡಿದುಕೊಂಡ. “ನಂಗೂ ಯಾರೂ ಬರ್ಕೊಟ್ಟಿಲ್ಲ ವಿನೋದಾ. ನಾನು ಎಲ್ಲಾ ಕಡೆ ಸಹಿ ಹಾಕ್ತೀನಿ. ಈಗ ಏಳಿ. ಕೂತು ಹೊತ್ತಾಯ್ತು, ನಡೀಬೇಕು.”

ಟ್ಯಾಂಕಿನಿಂದ ಬಟ್ಟೆ ಹಗ್ಗಕ್ಕೆ, ಹಗ್ಗದಿಂದ ಟ್ಯಾಂಕಿಗೆ. ಎರಡು ಮಾರಿನ ದೂರ ಇರಲಿಲ್ಲ. ಮೂರನೇ ಸುತ್ತಿನಲ್ಲಿ ಕೆಳಗಿನ ಕಿಟಕಿಯಿಂದ ಮಾಮಿಯ ದನಿ ಕೇಳಿಸಿತು.

“ಯಾರದು ಮೇಲೆ, ಇಷ್ಟು ಸದ್ದು?”

ಸುಘೋಷ ಗೋಡೆಯಿಂದ ಬಗ್ಗಿ ಕೂಗಿದ. “ನಾವೇ ಮಾ!”

ಆ ‘ನಾವೇ’ಯನ್ನು ವಿನೋದಾ ತಿದ್ದಲಿಲ್ಲ.